ಕೊಳ್ಳುವವನ ಕೈ, ಕೊಳ್ಳುವವನ ಮನಸ್ಸು

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯ ಮಗ್ಗುಲಲ್ಲಿರುವ ಹೊಸಹೊಳಲು, ಹೊಯ್ಸಳರ ಶಿಲ್ಪಕಲೆಯನ್ನು ಬಲ್ಲವರಿಗೆಲ್ಲ ಪರಿಚಿತವಾದ ಊರು. ಹದಿಮೂರನೆಯ ಶತಮಾನದ ನಡುಭಾಗದಲ್ಲಿ, ವೀರಸೋಮೇಶ್ವರನ ಕಾಲದಲ್ಲಿ ನಿರ್ಮಿತವಾದ ಲಕ್ಷ್ಮೀನಾರಾಯಣ ದೇವಾಲಯ ಅಲ್ಲಿದೆ. ಮೂರು ಗರ್ಭಗುಡಿಗಳ ಈ ದೇವಾಲಯವು ಎತ್ತರವಾದ ಜಗತಿಯ ಮೇಲೆ ನಿಂತಿದೆ. ಜಗತಿಯು ಗುಡಿಯ ಗೋಡೆಯ ಮಡಿಕೆಗಳನ್ನೇ ಅನುಸರಿಸಿ ಹೊರಚಾಚಿರುವುದರಿಂದ, ಸುತ್ತಲೂ ನಡೆಯಲು ಬೇಕಾದಷ್ಟು ಎಡೆ ಉಂಟು. ಮೆಟ್ಟಿಲೇರಿ ಬಂದವನಿಗೆ ‘ಹೀಗೆ ನಡೆ’ ಎಂದು ಯಾರೂ ಹೇಳಬೇಕಾಗಿಲ್ಲ. ದೇವರನ್ನು ಬಲಕ್ಕಿರಿಸಿಕೊಂಡು ಅವನ ಕಾಲುಗಳು ತಾವಾಗಿಯೇ ಸಾಗುತ್ತವೆ. ಆನೆ ಕುದುರೆಗಳ ಸಾಲುಗಳೂ ರಾಮಾಯಣ ಮಹಾಭಾರತಗಳ ಪ್ರಸಂಗಗಳೂ ಒಂದೊಂದಾಗಿ ಅವನ ಕಣ್ಣಿಗೆ ಬೀಳುತ್ತವೆ. ದಾರಿಯನ್ನು ತಾನೇ ಆರಿಸಿಕೊಂಡೆನೆಂದು ಅವನು ತಿಳಿಯುತ್ತಾನೆ. ವಾಸ್ತವದಲ್ಲಿ ಆ ದಾರಿಯನ್ನು ಏಳೂವರೆ ಶತಮಾನಗಳಿಗೂ ಹಿಂದೆಯೇ ಸ್ಥಪತಿಯೊಬ್ಬನು ಆರಿಸಿಟ್ಟಿದ್ದಾನೆ. ಬೇರೆ ದಿಕ್ಕಿನಲ್ಲಿ ನಡೆಯಲು ಅಡ್ಡಿಯೇನೂ ಇಲ್ಲ. ಆದರೆ ಹಾಗೆ ನಡೆಯುವವರು ವಿರಳ.

ಅಂಗಡಿಬೀದಿಯಲ್ಲಿಯೂ ಇಂಥ ಸ್ಥಪತಿಗಳಿದ್ದಾರೆ. ಅವರ ಹೆಸರನ್ನು ಮಾತ್ರ ಯಾರೂ ಬಲ್ಲವರಿಲ್ಲ. ಯಾವ ವಸ್ತುವನ್ನು ಮುಂದಿಡಬೇಕು, ಯಾವುದನ್ನು ಹಿಂದಿಡಬೇಕು, ಯಾವುದನ್ನು ಕೇಳಿ ಕೊಡಬೇಕು, ಯಾವುದನ್ನು ಕೇಳದೆಯೇ ಕೊಡಬೇಕು ಎಂಬುದನ್ನು ಅವರು ಮುಂಚೆಯೇ ಗೊತ್ತುಮಾಡಿರುತ್ತಾರೆ. ಕೊಳ್ಳಲು ಬಂದವನು ಏನೂ ಹೇಳದೆ ಸುಮ್ಮನಿದ್ದರೆ ಯಾವುದು ಅವನ ಪಾಲಿಗೆ ಬರುವುದೋ ಅದನ್ನು ಗಣಕಯಂತ್ರದವರ ಭಾಷೆಯಲ್ಲಿ ‘ಡೀಫಾಲ್ಟ್’ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ‘ಪೂರ್ವನಿಶ್ಚಿತ ಆಯ್ಕೆ’ ಎಂದು ಕರೆಯಬಹುದು. ಹೆಸರು ತುಸು ಭಾರವಾಯಿತು, ಸಂಗತಿ ಹಗುರವಾದುದೇ. ಹೋಟೆಲಿನಲ್ಲಿ ‘ಒಂದು ಕಾಫಿ’ ಎಂದಷ್ಟೇ ಹೇಳಿದವನಿಗೆ ಸಕ್ಕರೆ ಹಾಕಿದ ಕಾಫಿ ಬರುತ್ತದೆ. ಸಕ್ಕರೆ ಬೇಡವಾದವನು ಬಾಯಿಬಿಟ್ಟು ಹೇಳಬೇಕು. ಸುಮ್ಮನಿದ್ದವನಿಗೆ ದೊರೆಯುವುದು ಯಾವುದು, ಬಾಯಿಬಿಡಬೇಕಾದವನು ಯಾರು ಎಂಬ ಈ ಸಣ್ಣ ಏರ್ಪಾಟಿನ ಮೇಲೆ ಕೆರೆಯ ನೀರು, ಹೊಲದ ಮಣ್ಣು, ಊರಿನ ಗಾಳಿ ಇವುಗಳ ಯೋಗಕ್ಷೇಮ ಬಹುಮಟ್ಟಿಗೆ ನಿಂತಿದೆ ಎಂದರೆ ಅತಿಶಯೋಕ್ತಿಯಾಗದು.

ಹೊಸಹೊಳಲಿನ ಗೃಹಸ್ಥನೊಬ್ಬನು ಕೃಷ್ಣರಾಜಪೇಟೆಯ ಅಂಗಡಿಬೀದಿಗೆ ಹೊರಟಿರುವನೆಂದು ಊಹಿಸಬಹುದು. ಅವನಿಗೆ ಬೇಕಾದುದು ಸೊಪ್ಪು, ತರಕಾರಿ, ಎರಡು ಕಿಲೋ ಬೆಲ್ಲ, ಮನೆಯ ದೇವರಿಗೆ ಒಂದು ಮಾರು ಹೂವು. ಇವನ ಅಜ್ಜನು ಇದೇ ಬೀದಿಗೆ ಬರುತ್ತಿದ್ದಾಗ ಅವನ ಹೆಗಲ ಮೇಲೆ ಟವೆಲೂ ಕೈಯಲ್ಲಿ ಬಟ್ಟೆಯ ಚೀಲವೂ ಇರುತ್ತಿದ್ದವು. ಎಣ್ಣೆಗೆ ಮನೆಯಿಂದಲೇ ಸೀಸೆ ಬರುತ್ತಿತ್ತು. ಅಂಗಡಿಯವನು ಹುರಿಗಡಲೆಯನ್ನು ಹಳೆಯ ಕಾಗದದಲ್ಲಿ ಪೊಟ್ಟಣ ಕಟ್ಟಿ, ತಲೆಯ ಮೇಲೆ ತೂಗುತ್ತಿದ್ದ ದಾರದ ಉಂಡೆಯಿಂದ ದಾರವೆಳೆದು ಸುತ್ತುತ್ತಿದ್ದನು. ಹೂವಾಡಗಿತ್ತಿಯ ಹೂವು ಬಾಳೆಯೆಲೆಯಲ್ಲಿ ಸುತ್ತಿಕೊಂಡು ಬರುತ್ತಿತ್ತು. ಅಜ್ಜನು ಪರಿಸರವಾದಿಯಾಗಿರಲಿಲ್ಲ, ಆ ಶಬ್ದವನ್ನು ಅವನು ಕೇಳಿದ್ದೂ ಸಂಶಯ. ಚೀಲ ತರದೆ ಬಂದವನು ಸಾಮಾನನ್ನು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಹೋಗಬೇಕಾಗಿತ್ತು. ಆದುದರಿಂದ ಎಲ್ಲರೂ ಚೀಲ ತರುತ್ತಿದ್ದರು, ಅಷ್ಟೇ. ಮೊಮ್ಮಗನು ಮೋಟಾರು ಬೈಕಿನಲ್ಲಿ ಬರಿಗೈಯಲ್ಲಿ ಬರುತ್ತಾನೆ. ಅವನು ಕೇಳುವುದಿಲ್ಲ, ಅಂಗಡಿಯವನೂ ಕೇಳುವುದಿಲ್ಲ. ನಾಲ್ಕು ಸಾಮಾನಿಗೆ ನಾಲ್ಕು ತೆಳು ಚೀಲಗಳು ಅವನ ಬೆರಳುಗಳಿಗೆ ತೂಗಿಕೊಳ್ಳುತ್ತವೆ. ಅಜ್ಜನಿಗಿಂತ ಮೊಮ್ಮಗನು ಕೆಟ್ಟವನೆಂದು ಹೇಳಲು ಇದರಲ್ಲಿ ಆಧಾರವೇನೂ ಇಲ್ಲ. ಇಬ್ಬರೂ ಸುಲಭವಾದುದನ್ನೇ ಮಾಡಿದರು. ನಡುವೆ ಬದಲಾದುದು ಮನುಷ್ಯನ ಸ್ವಭಾವವಲ್ಲ, ಅಂಗಡಿಯ ಏರ್ಪಾಟು.

೨೦೧೬ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿನ ಮೇಲೆ ಹಾಸುವ ಹಾಳೆ ಮುಂತಾದುವನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳಿಗೆ ದೇಶಾದ್ಯಂತ ನಿಷೇಧ ಬಂದಿತು. ಕೈಚೀಲಗಳ ದಪ್ಪವು ೧೨೦ ಮೈಕ್ರಾನಿಗಿಂತ ಕಡಿಮೆಯಿರಕೂಡದೆಂಬ ಕೇಂದ್ರದ ನಿಯಮವೂ ಅದೇ ವರ್ಷದ ಕೊನೆಯಲ್ಲಿ ಜಾರಿಯಾಯಿತು. ಇಷ್ಟಾದರೂ ಸಂತೆಬೀದಿಗಳಲ್ಲಿ ತೆಳು ಚೀಲವು ಇನ್ನೂ ಕಣ್ಮರೆಯಾಗಿಲ್ಲ. ಅಧಿಕಾರಿಗಳು ಬಂದ ದಿನ ಚೀಲದ ಕಟ್ಟು ತಕ್ಕಡಿಯ ಕೆಳಗೆ ಸೇರುತ್ತದೆ; ಮರುದಿನ ಮೊಳೆಗೆ ಏರುತ್ತದೆ. ಕಾನೂನು ವಸ್ತುವನ್ನು ತೆಗೆದುಹಾಕಲು ಯತ್ನಿಸಿತೇ ಹೊರತು, ಅದರ ಸ್ಥಾನದಲ್ಲಿ ಸುಮ್ಮನಿದ್ದವನಿಗೆ ದೊರೆಯಬೇಕಾದುದು ಯಾವುದೆಂದು ಗೊತ್ತುಮಾಡಲಿಲ್ಲ. ಖಾಲಿ ಬಿಟ್ಟ ಸ್ಥಳಕ್ಕೆ ಹಳೆಯ ವಸ್ತುವೇ ಮರಳಿ ಬರುವುದು ಸಹಜ.

ಬಟ್ಟೆಯ ಚೀಲವನ್ನು ಮರೆತುಬಂದೆನೆಂದು ಜನ ಹೇಳುತ್ತಾರೆ. ಎಲ್ಲರ ಮಟ್ಟಿಗೂ ಅದು ನಿಜವಲ್ಲ. ಚೀಲ ಹಿಡಿದು ನಡೆಯುವುದು ಹಳ್ಳಿಗನ ಲಕ್ಷಣವೆಂಬ ಒಂದು ಅಳುಕು ಎಷ್ಟೋ ಮಂದಿಯಲ್ಲಿ, ವಿಶೇಷವಾಗಿ ತರುಣರಲ್ಲಿ, ಇದೆ. ಇಲ್ಲಿ ಮನಸ್ಸಿನ ಭಾವನೆಗಳು ವ್ಯಾಪಾರದೊಳಕ್ಕೆ ಪ್ರವೇಶಿಸುತ್ತವೆ. ಲಜ್ಜೆ, ಹೆಮ್ಮೆ, ಅಂಜಿಕೆ, ಭಕ್ತಿ, ಅಸಹ್ಯ ಇವು ಕಾವ್ಯಗಳಲ್ಲಿ ಮಾತ್ರ ಇರತಕ್ಕವು ಎಂದು ತಿಳಿಯಬಾರದು. ಒಂದು ಕಿಲೋ ಟೊಮ್ಯಾಟೊ ಕೊಳ್ಳುವಲ್ಲಿಯೂ ಅವು ತಮ್ಮ ಕೆಲಸವನ್ನು ಮಾಡುತ್ತವೆ.

ಆದರೆ ಲಜ್ಜೆಯು ಯಾವಾಗಲೂ ಒಂದೇ ಕಡೆ ನಿಲ್ಲುವುದಿಲ್ಲ. ಐರ್ಲೆಂಡ್ ದೇಶದಲ್ಲಿ ೨೦೦೨ರ ಮಾರ್ಚ್‌ನಿಂದ ಅಂಗಡಿಗಳ ಪ್ಲಾಸ್ಟಿಕ್ ಚೀಲವೊಂದಕ್ಕೆ ೧೫ ಸೆಂಟುಗಳ ತೆರಿಗೆಯನ್ನು ವಿಧಿಸಲಾಯಿತು. ಹಣ ದೊಡ್ಡದಲ್ಲ. ಆದರೆ ಅದುವರೆಗೆ ಕೇಳದೆ ದೊರೆಯುತ್ತಿದ್ದ ಚೀಲವನ್ನು ಅಂದಿನಿಂದ ಕೇಳಿ, ಬೆಲೆ ಕೊಟ್ಟು, ಇತರರ ಎದುರಿನಲ್ಲಿ ಪಡೆಯಬೇಕಾಯಿತು. ತಲೆಗೆ ವರ್ಷಕ್ಕೆ ಸುಮಾರು ೩೨೮ರಷ್ಟಿದ್ದ ಚೀಲಗಳ ಬಳಕೆ ೨೧ಕ್ಕೆ ಇಳಿಯಿತು. ಕೆಲವೇ ಕಾಲದಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬೀದಿಯಲ್ಲಿ ನಡೆಯುವುದೇ ಅಲ್ಲಿ ಸಂಕೋಚದ ಸಂಗತಿಯಾಯಿತು. ಏರ್ಪಾಟು ಮೊದಲು ಬದಲಾಯಿತು; ಲಜ್ಜೆಯು ಅದರ ಹಿಂದೆ ಬಂದು ಮಗ್ಗುಲು ಬದಲಿಸಿತು.

ಸುಮ್ಮನಿರುವುದರ ಬಲವು ಎಷ್ಟು ದೊಡ್ಡದೆಂಬುದಕ್ಕೆ ಜರ್ಮನಿಯಲ್ಲಿ ಸ್ಪಷ್ಟವಾದ ಸಾಕ್ಷ್ಯ ದೊರೆಯುತ್ತದೆ. ಅಲ್ಲಿಯ ಕಪ್ಪುಕಾಡು ಪ್ರದೇಶದಲ್ಲಿ ಷೋನಾವ್ ಎಂಬ ಚಿಕ್ಕ ಊರಿದೆ. ೧೯೮೬ರಲ್ಲಿ ಚೆರ್ನೋಬಿಲ್ ಅಣುಸ್ಥಾವರದ ದುರಂತ ಸಂಭವಿಸಿದ ಮೇಲೆ ಆ ಊರಿನ ಕೆಲವು ತಾಯಿತಂದೆಗಳು ತಮ್ಮ ಮಕ್ಕಳಿಗಾಗಿ ಭಯಗೊಂಡರು. ಆ ಭಯವೇ ಚಳವಳಿಯಾಯಿತು. ೧೯೯೬ರಲ್ಲಿ ನಡೆದ ಜನಮತಗಣನೆಯಲ್ಲಿ ಅಲ್ಪ ಬಹುಮತದಿಂದ ಗೆದ್ದು, ಮರುವರ್ಷ ಊರಿನ ವಿದ್ಯುತ್ ಜಾಲವನ್ನೇ ನಾಗರಿಕರು ಕೊಂಡುಕೊಂಡರು. ಅಂದಿನಿಂದ ಅಲ್ಲಿ ಸುಮ್ಮನಿದ್ದವನ ಮನೆಗೆ ಬರುವುದು ಪರಿಸರಕ್ಕೆ ಹಿತವಾದ ಮೂಲಗಳ ವಿದ್ಯುತ್ತು. ಮತಗಣನೆಯಲ್ಲಿ ಹೆಚ್ಚುಕಡಿಮೆ ಅರ್ಧ ಊರು ಈ ಯೋಜನೆಗೆ ವಿರೋಧವಾಗಿತ್ತು. ಮುಂದೆ ಬೇರೆ ಸಂಸ್ಥೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ದೊರೆತಾಗ ಆ ಅರ್ಧ ಊರು ಹೊರಟುಹೋಗಬಹುದಿತ್ತು. ಹೋದವರು ಬೆರಳೆಣಿಕೆಯಷ್ಟು ಮಂದಿ.

ಅದೇ ದೇಶದ ದಕ್ಷಿಣ ಭಾಗದಲ್ಲಿ ೧೯೯೯ರಲ್ಲಿ ವಿದ್ಯುತ್ ಸಂಸ್ಥೆಯೊಂದು ತನ್ನ ಸುಮಾರು ಒಂದೂವರೆ ಲಕ್ಷ ಗ್ರಾಹಕರಿಗೆ ಪತ್ರ ಬರೆಯಿತು. ‘ಉತ್ತರ ಬರೆಯದಿದ್ದರೆ ನಿಮಗೆ ಈ ಹಸಿರು ವಿದ್ಯುತ್ತು ಬರುತ್ತದೆ, ಇದಕ್ಕಿಂತ ಅಗ್ಗವಾದುದು ಬೇಕಿದ್ದರೆ ತಿಳಿಸಿರಿ’ ಎಂಬುದು ಅದರ ತಾತ್ಪರ್ಯ. ನೂರಕ್ಕೆ ೯೪ ಮಂದಿ ಉತ್ತರ ಬರೆಯದೆ ಹಸಿರು ವಿದ್ಯುತ್ತಿನಲ್ಲಿಯೇ ಉಳಿದರು. ೨೦೧೫ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಸುಮಾರು ೪೨ ಸಾವಿರ ಮನೆಗಳನ್ನು ಒಳಗೊಂಡಿತ್ತು. ಹಸಿರು ವಿದ್ಯುತ್ತನ್ನು ತಾವಾಗಿ ಗುರುತುಹಾಕಿ ಕೇಳಬೇಕಾಗಿದ್ದಾಗ ಕೇಳಿದವರು ನೂರಕ್ಕೆ ೭ ಮಂದಿ. ಗುರುತನ್ನು ಮೊದಲೇ ಹಾಕಿಟ್ಟು, ಬೇಡವಾದವರು ಅಳಿಸಬಹುದೆಂದಾಗ ಅದನ್ನು ಇಟ್ಟುಕೊಂಡವರು ನೂರಕ್ಕೆ ೬೯ ಮಂದಿ. ಒಂದೇ ದೇಶದ ಜನ, ಒಂದೇ ವಿದ್ಯುತ್ತು. ವ್ಯತ್ಯಾಸವು ಒಂದು ಸಣ್ಣ ಗುರುತಿನದು.

ಭಾರತದಲ್ಲಿಯೂ ಇಂಥ ಏರ್ಪಾಟುಗಳಿಲ್ಲದೆ ಇಲ್ಲ. ೨೦೨೦ರ ಜನವರಿಯಿಂದ ನಕ್ಷತ್ರಚಿಹ್ನೆಯ ಹವಾನಿಯಂತ್ರಣ ಯಂತ್ರಗಳೆಲ್ಲ ೨೪ ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರಂಭವಾಗುವಂತೆ ತಯಾರಾಗಬೇಕೆಂದು ಕೇಂದ್ರ ಸರ್ಕಾರ ವಿಧಿಸಿದೆ. ಒಂದೊಂದು ಡಿಗ್ರಿ ಏರಿಸಿದಾಗಲೂ ನೂರಕ್ಕೆ ಸುಮಾರು ಆರರಷ್ಟು ವಿದ್ಯುತ್ತು ಉಳಿಯುವುದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಹೆಚ್ಚು ತಂಪು ಬೇಕಾದವನು ಗುಂಡಿಯೊತ್ತಿ ಇಳಿಸಿಕೊಳ್ಳಬಹುದು. ಮನೆಗೆ ಊಟ ತಂದುಕೊಡುವ ಸಂಸ್ಥೆಗಳು ಮೊದಲು ಪ್ರತಿಯೊಂದು ಪೊಟ್ಟಣದೊಡನೆಯೂ ಪ್ಲಾಸ್ಟಿಕ್ ಚಮಚಗಳನ್ನು ಕಳುಹಿಸುತ್ತಿದ್ದವು. ಅವುಗಳಲ್ಲಿ ಒಂದು ಸಂಸ್ಥೆಯು ೨೦೨೧ರಲ್ಲಿ, ಕೇಳಿದವರಿಗೆ ಮಾತ್ರ ಚಮಚ ಎಂದು ಪದ್ಧತಿಯನ್ನು ತಿರುಗಿಸಿತು. ಚೀನಾದ ಮೂರು ಮಹಾನಗರಗಳಲ್ಲಿ ಇದೇ ಬಗೆಯ ಬದಲಾವಣೆಯಾದಾಗ, ಚಮಚ ಬೇಡವೆಂದವರ ಪ್ರಮಾಣವು ನೂರಕ್ಕೆ ೬೪೮ರಷ್ಟು ಏರಿತೆಂದು ೨೦೨೩ರ ಅಧ್ಯಯನವೊಂದು ತಿಳಿಸಿತು. ಕೈಯಿಂದ ಉಣ್ಣುವವರಿಗೂ, ಮನೆಯಲ್ಲಿ ಹತ್ತು ಚಮಚವಿರುವವರಿಗೂ ಅದುವರೆಗೆ ಪ್ಲಾಸ್ಟಿಕ್ ಚಮಚಗಳು ಹೋಗುತ್ತಿದ್ದವೆಂಬುದು ವಿಚಿತ್ರವಾದರೂ ಸತ್ಯ.

ಮನುಷ್ಯನು ಹೀಗೇಕೆ ನಡೆಯುತ್ತಾನೆ? ಆಲಸ್ಯವೆಂದು ಒಂದೇ ಮಾತಿನಲ್ಲಿ ತೀರ್ಪುಕೊಡುವುದು ಸುಲಭ. ಆದರೆ ಆಲಸ್ಯವು ಕಾರಣದ ಒಂದು ಪಾಲು ಮಾತ್ರ. ಮೊದಲೇ ಇಟ್ಟಿರುವುದನ್ನು ಕಂಡಾಗ, ತಿಳಿದವರು ಯೋಚಿಸಿಯೇ ಇಟ್ಟಿರಬೇಕು, ಎಲ್ಲರೂ ಇದನ್ನೇ ಬಳಸುತ್ತಿರಬೇಕು ಎಂದು ಮನಸ್ಸು ಊಹಿಸುತ್ತದೆ. ಇನ್ನೊಂದು ಕಾರಣ ಕಳೆದುಕೊಳ್ಳುವ ಅಂಜಿಕೆ. ದೊರೆಯದ ನೂರು ರೂಪಾಯಿಗಿಂತ ಜೇಬಿನಿಂದ ಬಿದ್ದುಹೋದ ನೂರು ರೂಪಾಯಿ ಹೆಚ್ಚು ನೋಯಿಸುತ್ತದೆ. ಈ ಸ್ವಭಾವವನ್ನು ವ್ಯವಸ್ಥಿತವಾಗಿ ವಿವೇಚಿಸಿದವರಲ್ಲಿ ಪ್ರಮುಖರಾದ ಡೇನಿಯಲ್ ಕಾನ್ಮನ್ ಅವರಿಗೆ ೨೦೦೨ರಲ್ಲಿಯೂ ರಿಚರ್ಡ್ ಥೇಲರ್ ಅವರಿಗೆ ೨೦೧೭ರಲ್ಲಿಯೂ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇವೆರಡಕ್ಕೂ ಮಿಗಿಲಾದ ಸೂಕ್ಷ್ಮವೊಂದುಂಟು. ಒಳ್ಳೆಯದನ್ನು ಮಾಡದೆ ಬಿಡುವುದು ಒಂದು. ಕೈಯಲ್ಲಿ ಇಟ್ಟ ಒಳ್ಳೆಯದನ್ನು ತಳ್ಳಿಹಾಕುವುದು ಇನ್ನೊಂದು. ಎರಡನೆಯದು ಅಂತಃಕರಣವನ್ನು ಚುಚ್ಚುತ್ತದೆ. ಹಸಿರು ಆಯ್ಕೆಯು ಮೊದಲೇ ಇದ್ದಾಗ ಅದನ್ನು ನಿರಾಕರಿಸುವವನಿಗೆ ಮುಂದಾಗಿ ಒಂದು ಅಪರಾಧಭಾವ ಕಾಡುವುದೆಂದು ಗ್ರಾಹಕರ ನಡತೆಯನ್ನು ಅಭ್ಯಸಿಸಿದವರು ಕಂಡುಕೊಂಡಿದ್ದಾರೆ. ಹೀಗೆ ಕೈಯ ಏರ್ಪಾಟೂ ಮನಸ್ಸಿನ ಭಾವನೆಯೂ ಒಂದರೊಳಗೊಂದು ಹೆಣೆದುಕೊಂಡಿವೆ.

ಭಾವನೆಯೊಂದೇ ಸಾಕಾಗದೆ? ಸ್ವಾತಂತ್ರ್ಯ ಹೋರಾಟದ ದಿನಗಳ ಖಾದಿಯನ್ನು ಇಲ್ಲಿ ನೆನೆಯಬೇಕು. ಒರಟಾದ, ಗಿರಣಿಯ ಬಟ್ಟೆಗಿಂತ ದುಬಾರಿಯಾದ ಖಾದಿಯನ್ನು ಜನ ಹೆಮ್ಮೆಯಿಂದ ತೊಟ್ಟರು. ಗಾಂಧೀಜಿಯವರು ಭೇಟಿಯಿತ್ತ ನಂಜನಗೂಡು ತಾಲ್ಲೂಕಿನ ಬದನವಾಳು ಅಂಥ ಖಾದಿಯ ನೆಲೆಗಳಲ್ಲಿ ಒಂದು. ಕೊಳ್ಳುವವನು ತಾನು ಕೊಂಡ ವಸ್ತುವಿನ ತಯಾರಿಕೆಯ ಗುಣದೋಷಗಳಲ್ಲಿಯೂ ಪಾಲುಗಾರನೆಂದು ಗ್ರಾಮೋದ್ಯೋಗಗಳ ಚಿಂತಕರಾದ ಜೆ. ಸಿ. ಕುಮಾರಪ್ಪನವರು ಬೋಧಿಸಿದರು. ದೇಶಭಕ್ತಿಯ ಉಬ್ಬರವಿದ್ದಷ್ಟು ಕಾಲ ಈ ಮಾತು ಫಲಿಸಿತು. ಉಬ್ಬರ ಇಳಿದ ಮೇಲೆ ಜನ ಹೊಕ್ಕ ಅಂಗಡಿಗಳಲ್ಲೆಲ್ಲ ಮುಂದಿದ್ದುದು ಗಿರಣಿಯ ಬಟ್ಟೆ. ಖಾದಿಗಾಗಿ ಬೇರೆ ಅಂಗಡಿಯನ್ನು ಹುಡುಕಿಕೊಂಡು ಹೋಗಬೇಕಾಯಿತು. ಭಾವನೆಗೆ ಏರ್ಪಾಟಿನ ಆಸರೆ ದೊರೆಯದೆ ಹೋಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಬಾಳೆಯೆಲೆ. ಮೈಸೂರು ಸೀಮೆಯ ಮದುವೆಯ ಮನೆಯಲ್ಲಿ ‘ನಿಮಗೆ ಬಾಳೆಯೆಲೆ ಹಾಕಲೇ?’ ಎಂದು ಯಾರನ್ನೂ ಕೇಳುವುದಿಲ್ಲ. ಎಲೆಯೇ ಪೂರ್ವನಿಶ್ಚಿತ, ಎಲೆಯೇ ಮಂಗಳಕರ. ಉಂಡೆದ್ದ ಮೇಲೆ ಅದು ದನದ ಬಾಯಿಗೋ ತಿಪ್ಪೆಗೋ ಸೇರಿ ಗೊಬ್ಬರವಾಗುತ್ತದೆ. ಏರ್ಪಾಟೂ ಭಾವನೆಯೂ ಒಟ್ಟಿಗೆ ನಿಂತಿರುವುದರಿಂದಲೇ ಪ್ಲಾಸ್ಟಿಕ್ ತಟ್ಟೆಗಳ ಧಾಳಿಯನ್ನು ಎಲೆಯು ಇಷ್ಟುಮಟ್ಟಿಗೆ ತಡೆದುಕೊಂಡಿದೆ. ಆದರೆ ಅದೇ ಎಲೆಯ ಪಕ್ಕದಲ್ಲಿ ಇಂದು ಒಂದು ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿ ಕುಳಿತಿದೆ. ಮದುವೆಯಾಗಲಿ, ಮಂಡ್ಯ ಸೀಮೆಯ ಬೀಗರೂಟವಾಗಲಿ, ಅತಿಥಿಯು ಕೂರುವುದಕ್ಕೆ ಮೊದಲೇ ಬಾಟಲಿ ಬಂದಿರುತ್ತದೆ. ಹಿಂದೆ ಜಗ್ಗಿನಿಂದ ಸ್ಟೀಲ್ ಲೋಟಕ್ಕೆ ನೀರು ಬಡಿಸುತ್ತಿದ್ದರು. ಎರಡು ಗುಟುಕು ಕುಡಿದು ಬಿಟ್ಟ ಬಾಟಲಿಗಳು ಪಂಕ್ತಿ ಎದ್ದ ಮೇಲೆ ರಾಶಿಯಾಗುತ್ತವೆ. ಲೋಟಕ್ಕೆ ಮರಳೋಣವೆಂದರೆ ಮನೆಯ ಯಜಮಾನನಿಗೆ ಒಂದೇ ಭಯ: ‘ಬೀಗರು ಏನೆಂದುಕೊಂಡಾರು? ಜಿಪುಣತನವೆಂದುಕೊಂಡಾರು.’ ಮರ್ಯಾದೆಯ ಈ ಅಂಜಿಕೆಯು ಯಾವ ಕಾನೂನಿಗಿಂತಲೂ ಗಟ್ಟಿ. ಒಬ್ಬ ಯಜಮಾನನಿಗೆ ಉಪದೇಶ ಮಾಡಿ ಇದನ್ನು ತೊಡೆಯಲಾಗದು. ಏಕೆಂದರೆ ಅವನು ಒಬ್ಬನೇ ಬದಲಾದರೆ ಆಡಿಕೊಳ್ಳುವ ಬಾಯಿಗಳಿಗೆ ಅವನೇ ಗುರಿ. ಕಲ್ಯಾಣಮಂಟಪದ ಬಾಡಿಗೆಯೊಳಗೇ ಲೋಟ, ಜಗ್ಗು, ತೊಳೆಯುವ ಕೂಲಿ ಸೇರಿಬಿಟ್ಟರೆ ಅಂಜಿಕೆಗೆ ಎಡೆಯಿಲ್ಲ. ಅದು ಮಂಟಪದ ಪದ್ಧತಿಯಾಗುತ್ತದೆ, ಯಾರ ಜಿಪುಣತನವೂ ಆಗುವುದಿಲ್ಲ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯು ಸಮಾರಂಭಗಳಿಗೆ ಸ್ಟೀಲಿನ ತಟ್ಟೆ ಲೋಟಗಳನ್ನು ಒದಗಿಸುವ ತಟ್ಟೆ ಬ್ಯಾಂಕೊಂದನ್ನು ನಡೆಸಿ ದಾರಿ ತೋರಿಸಿದೆ.

ಗಣೇಶನ ಹಬ್ಬದ ಮಾತೂ ಇಂಥದೇ. ಊರಿನ ಕುಂಬಾರನು ಮಣ್ಣಿನ ಮೂರ್ತಿಯನ್ನು ಮಾತ್ರ ಮಾಡುತ್ತಿದ್ದ ಕಾಲದಲ್ಲಿ ಕೆರೆಗೆ ಸೇರುತ್ತಿದ್ದುದು ಕೆರೆಯ ಮಣ್ಣೇ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಿಷೇಧಿಸಿದೆಯಾದರೂ, ಬೀದಿಬೀದಿಗಳ ನಡುವಿನ ಎತ್ತರದ ಪೈಪೋಟಿಯೂ ಬಣ್ಣದ ಮೋಹವೂ ನಿಷೇಧದ ಮೈಮೇಲೆ ಹತ್ತಿ ಕುಳಿತಿವೆ.

ಮಂಡ್ಯ ಸೀಮೆಗೆ ಇವೆಲ್ಲಕ್ಕಿಂತ ಹತ್ತಿರವಾದುದು ಬೆಲ್ಲದ ಕಥೆ. ಕಬ್ಬು ಈ ಜಿಲ್ಲೆಯ ಉಸಿರು. ಆಲೆಮನೆ ಅದರ ಹಳೆಯ ಕಸುಬು. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣದ ತಿಳಿ ಹಾಕಿ, ಬೆಂಡೆಗಿಡದ ಲೋಳೆಯಿಂದ ಕೊಳೆಯನ್ನು ಮೇಲಕ್ಕೆಬ್ಬಿಸಿ ತೆಗೆದು, ಪಾಕ ಬಂದಾಗ ಅಚ್ಚಿಗೆ ಸುರಿಯುತ್ತಾರೆ. ಒಲೆಗೆ ಉರುವಲು ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ. ಹೀಗೆ ಮಾಡಿದ ಬೆಲ್ಲದ ಬಣ್ಣ ಸಾಮಾನ್ಯವಾಗಿ ಕಂದು. ಪೇಟೆಗೆ ಈ ಕಂದು ಹಿಡಿಸುವುದಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕಾಗಲಿ ದೇವರ ನೈವೇದ್ಯಕ್ಕಾಗಲಿ ಹೊಂಬಣ್ಣದ ಬೆಲ್ಲವೇ ಶುದ್ಧವೆಂದು ಕಣ್ಣು ತೀರ್ಮಾನಿಸಿಬಿಟ್ಟಿದೆ. ಕಣ್ಣಿನ ಈ ತೀರ್ಮಾನಕ್ಕೆ 'ಹೈಡ್ರೋಸ್' ಎಂದು ಆಲೆಮನೆಯವರು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಉತ್ತರವಾಯಿತು. ಬಟ್ಟೆಗೆ ಬಣ್ಣ ಹಾಕುವ ಉದ್ಯಮದಲ್ಲಿ ಬಳಕೆಯಾಗುವ ಪುಡಿಯದು. ಕುದಿಯುವ ಪಾಕಕ್ಕೆ ಇದನ್ನು ಹಾಕಿದರೆ ಬಣ್ಣ ತಿಳಿಯಾಗುತ್ತದೆ. ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಒಂದು ಕಿಲೋ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ೭೦ ಮಿಲಿಗ್ರಾಮನ್ನು ಮೀರಬಾರದೆಂದು ಆಹಾರ ಸುರಕ್ಷತೆಯ ನಿಯಮ ಹೇಳುತ್ತದೆ. ತಮಾಷೆಯೆಂದರೆ, ಹೀಗೆ ಬಂದ ಹೊಂಬಣ್ಣವು ನಿಲ್ಲುವುದೂ ಇಲ್ಲ. ಗಾಳಿಗೆ ಇಟ್ಟ ಬೆಲ್ಲ ಕೆಲವು ದಿನಗಳಲ್ಲಿ ಮತ್ತೆ ಕಪ್ಪಾಗತೊಡಗುತ್ತದೆ. ಅಷ್ಟರಲ್ಲಿ ಅದು ಮಾರಾಟವಾಗಿರುತ್ತದೆ.

ಇಲ್ಲಿ ನಿಜವಾಗಿ ನಷ್ಟಕ್ಕೆ ಗುರಿಯಾಗುವವನು ಯಾರೆಂಬುದನ್ನು ಗಮನಿಸಬೇಕು. ಪುಡಿ ಹಾಕದೆ ಬೆಲ್ಲ ಮಾಡಿದ ಆಲೆಮನೆಗಾರನು ಮಾರುಕಟ್ಟೆಗೆ ಬಂದಾಗ ಅವನ ಬೆಲ್ಲಕ್ಕೆ ಬಣ್ಣವಿಲ್ಲವೆಂದು ಬೆಲೆ ಇಳಿಯುತ್ತದೆ. ಪ್ರಾಮಾಣಿಕನಾದುದಕ್ಕೆ ಅವನು ದಂಡ ಕೊಟ್ಟಂತಾಯಿತು. ಮುಂದಿನ ವರ್ಷ ಅವನೂ ಪುಡಿಯ ಡಬ್ಬಿಗೆ ಕೈಹಾಕಿದರೆ ತಪ್ಪು ಅವನೊಬ್ಬನದೇ ಎನ್ನಲಾದೀತೆ? ಉರುವಲಿನ ಖರ್ಚು ಉಳಿಸಲು ಹಳೆಯ ಟಯರು, ಪ್ಲಾಸ್ಟಿಕ್ ಕಸಗಳನ್ನು ಒಲೆಗೆ ಹಾಕುವ ಆಲೆಮನೆಗಳ ಮೇಲೆ ದೂರುಗಳು ಬಂದಿವೆ. ಆ ಹೊಗೆಯನ್ನು ಕುಡಿಯುವವರು ಅಕ್ಕಪಕ್ಕದ ಹಳ್ಳಿಯವರು. ಹೊಂಬಣ್ಣವನ್ನು ಕೊಂಡವರು ದೂರದ ಪೇಟೆಯವರು. ಕೊಳ್ಳುವವನ ಕಣ್ಣಿನ ಒಂದು ಸಣ್ಣ ಮೋಹವು ಎಷ್ಟು ದೂರ ಪ್ರಯಾಣ ಮಾಡುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈಚೆಗೆ ಮತ್ತೊಂದು ಭಾವನೆ ಹುಟ್ಟಿದೆ. ಒಂದು ಕಾಲದಲ್ಲಿ ಬೆಲ್ಲದ ಕಾಫಿಯನ್ನು ನೆಂಟರಿಗೆ ಕೊಡಲು ನಾಚುತ್ತಿದ್ದರು. ಸಕ್ಕರೆಯು ಸಿರಿವಂತಿಕೆಯ ಗುರುತಾಗಿತ್ತು. ಈಗ ನಗರಗಳಲ್ಲಿ ಬೆಲ್ಲದ ಕಾಫಿ ಎಂದು ಫಲಕ ಬರೆದು ಮಾರುತ್ತಾರೆ. ಕಂದು ಬೆಲ್ಲಕ್ಕೆ ‘ಸಾವಯವ’ ಎಂಬ ಹೆಸರೂ ಹೆಚ್ಚಿನ ಬೆಲೆಯೂ ಬಂದಿವೆ. ಸಂತೋಷದ ಸಂಗತಿಯೇ, ಆದರೆ ಕಂದಾದುದೆಲ್ಲ ಶುದ್ಧವಲ್ಲ. ಪಾಕ ಸೀದರೂ ಬೆಲ್ಲ ಕಪ್ಪಾಗುತ್ತದೆ, ಕಬ್ಬು ಕೆಟ್ಟಿದ್ದರೂ ಆಗುತ್ತದೆ. ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರವನ್ನು ಯಾರು ಬೇಕಾದರೂ ಅಚ್ಚುಹಾಕಿಸಬಹುದು. ೨೦೧೭ರಲ್ಲಿ ಬಂದ ‘ಜೈವಿಕ್ ಭಾರತ್’ ಮುದ್ರೆಯಂಥ ಪ್ರಮಾಣಚಿಹ್ನೆಗಳು ಇರುವುದು ಈ ಕಾರಣಕ್ಕಾಗಿಯೇ. ಒಳ್ಳೆಯ ಭಾವನೆಯನ್ನೂ ಸರಕಾಗಿ ಮಾರುವ ಜಾಣ್ಮೆ ವ್ಯಾಪಾರಕ್ಕೆ ಹೊಸದಲ್ಲ.

ಕೇಳದೆಯೇ ಒಂದು ಆಯ್ಕೆಯನ್ನು ಕೈಯಲ್ಲಿಡುವುದು ಮೋಸವಲ್ಲವೇ, ಗ್ರಾಹಕನ ಸ್ವಾತಂತ್ರ್ಯಕ್ಕೆ ಅದು ಕುಂದಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಯಾವುದೂ ಪೂರ್ವನಿಶ್ಚಿತವಲ್ಲದ ಅಂಗಡಿಯೇ ಇಲ್ಲವೆಂಬುದನ್ನು ಅವರು ಮರೆಯುತ್ತಾರೆ. ತೆಳು ಚೀಲವನ್ನು ಮೊಳೆಗೆ ತೂಗುಹಾಕಿದವನು ಯಾರ ಒಪ್ಪಿಗೆಯನ್ನು ಕೇಳಿದ್ದನು? ಏರ್ಪಾಟು ಇದ್ದೇ ಇರುವುದಾದರೆ, ಅದು ಬಚ್ಚಿಟ್ಟುದಾಗಿರಬಾರದು, ಬೇಡವೆನ್ನುವುದು ಕಷ್ಟವಾಗಿರಬಾರದು ಎಂದು ಕೇಳುವುದು ನ್ಯಾಯ. ಇನ್ನೂ ಒಂದು ಮಾತನ್ನು ಸೇರಿಸಬೇಕು: ಅದು ಬಡವನಿಗೆ ದುಬಾರಿಯಾಗಬಾರದು. ಪತ್ರವನ್ನು ಪೂರ್ತಿ ಓದದೆ ಸುಮ್ಮನಾಗುವವರಲ್ಲಿ ಓದಲಾರದವರೂ ಇರುತ್ತಾರೆ. ಅವರ ಮೌನದಿಂದ ಹೆಚ್ಚು ಹಣ ಕೀಳುವ ಹಸಿರು ಏರ್ಪಾಟು ನ್ಯಾಯವಾದುದಲ್ಲ. ಜರ್ಮನಿಯ ಆ ೧೯೯೯ರ ಪತ್ರದಲ್ಲಿ ಹಸಿರು ವಿದ್ಯುತ್ತಿನ ದರವು ಗ್ರಾಹಕರು ಅದುವರೆಗೆ ಕೊಡುತ್ತಿದ್ದ ದರಕ್ಕಿಂತ ತುಸು ಕಡಿಮೆಯೇ ಇತ್ತು.

ಹೀಗಿರುವಾಗ ಕೊಳ್ಳುವವನೊಬ್ಬನನ್ನೇ ನಿಲ್ಲಿಸಿ ಉಪದೇಶಿಸುವುದರಿಂದ ಹೆಚ್ಚಿನ ಫಲವಿಲ್ಲ. ಏರ್ಪಾಟನ್ನು ಮಾಡುವ ಕೈಗಳು ಬೇರೆ ಇವೆ. ವಿದ್ಯಾರ್ಥಿನಿಲಯದ ಅಡುಗೆಮನೆ, ದೇವಾಲಯದ ಪ್ರಸಾದದ ಪಾಕಶಾಲೆ, ಸಹಕಾರ ಸಂಘದ ಮಳಿಗೆ ಇವು ಸಗಟಾಗಿ ಬೆಲ್ಲ ಕೊಳ್ಳುವ ಸ್ಥಳಗಳು. ಅಲ್ಲಿಯ ಖರೀದಿಯ ಪಟ್ಟಿಯಲ್ಲಿ ‘ಬೆಲ್ಲ’ ಎಂಬ ಒಂದೇ ಶಬ್ದವಿದ್ದರೆ ಹೊಂಬಣ್ಣದ ಬೆಲ್ಲ ಬರುತ್ತದೆ. ‘ಹೈಡ್ರೋಸ್ ಹಾಕದ ಬೆಲ್ಲ’ ಎಂದು ಬರೆದು, ಬಂದ ಸರಕನ್ನು ಪರೀಕ್ಷೆಗೆ ಕಳುಹಿಸಿದರೆ ಕಂದು ಬೆಲ್ಲಕ್ಕೆ ಒಂದು ನಿಶ್ಚಿತ ಗಿರಾಕಿ ದೊರೆತಂತಾಯಿತು. ಪ್ರಸಾದದ ಸಿಹಿಪೊಂಗಲು ಕಂದಾಗಿ ಬಂದುದನ್ನು ಹತ್ತು ಬಾರಿ ಕಣ್ಣಿಗೊತ್ತಿಕೊಂಡು ತಿಂದವನಿಗೆ ಮನೆಯ ಪಾಯಸವು ಕಂದಾಗಿರುವುದು ಕೊರತೆಯೆಂದು ತೋರಲಾರದು. ಕೃಷ್ಣರಾಜಪೇಟೆಯ ಅಂಗಡಿಯವನು ಎರಡು ಬಗೆಯ ಬೆಲ್ಲವನ್ನೂ ಇಟ್ಟು, ‘ಬೆಲ್ಲ ಕೊಡಿ’ ಎಂದಷ್ಟೇ ಹೇಳಿದವನಿಗೆ ಕಂದು ಬೆಲ್ಲವನ್ನು ತೂಗುವನೋ, ಹೊಂಬಣ್ಣದ್ದನ್ನು ತೂಗುವನೋ? ಸದ್ಯಕ್ಕೆ ತಕ್ಕಡಿಗೆ ಏರುವುದು ಹೊಂಬಣ್ಣದ್ದು. ಸುತ್ತಲ ಹಳ್ಳಿಗಳ ಆಲೆಮನೆಗಾರನು ಈ ಬಾರಿ ಪುಡಿಯ ಡಬ್ಬಿಯನ್ನು ತರಿಸಬೇಕೇ ಬೇಡವೇ ಎಂಬುದನ್ನು, ಆ ತಕ್ಕಡಿಯನ್ನು ನೋಡಿಕೊಂಡು, ಕಬ್ಬು ಕಡಿಯುವ ಮೊದಲೇ ನಿಶ್ಚಯಿಸುತ್ತಾನೆ.